ತಾರಸಿಯ ಅಂಚುಗೋಡೆ: ಹೊಣೆ ಯಾರದು, ಕೇಳುವ ಹಕ್ಕು ಯಾರಿಗಿದೆ?

ತಾರಸಿಯ ಅಂಚಿನ ಉದ್ದಕ್ಕೂ ಕಟ್ಟುವ ಗಿಡ್ಡ ರಕ್ಷಣಾ ಗೋಡೆಯನ್ನು ಗಾರೆ ಕೆಲಸದವರಿಂದ ಎಂಜಿನಿಯರುಗಳವರೆಗೆ ಎಲ್ಲರೂ ಪ್ಯಾರಪೆಟ್ ಎಂದೇ ಕರೆಯುತ್ತಾರೆ. ಬಟ್ಟೆ ಒಣಹಾಕುವುದು, ಹಪ್ಪಳ ಸಂಡಿಗೆಯನ್ನು ಬಿಸಿಲಿಗಿಡುವುದು, ನೀರಿನ ಟ್ಯಾಂಕ್ ತೊಳೆಯುವುದು, ಮಕ್ಕಳ ಗಾಳಿಪಟ, ಬೇಸಿಗೆಯ ರಾತ್ರಿಯ ನಿದ್ದೆ ಇವೆಲ್ಲ ತಾರಸಿಯ ಮೇಲೆಯೇ ನಡೆಯುವ ನಮ್ಮ ಊರುಗಳಲ್ಲಿ, ಹಣ ಉಳಿದರೆ ಮುಂದೆಂದಾದರೂ ಕಟ್ಟಬಹುದಾದ ಭಾಗವೆಂದು ಇದನ್ನು ಭಾವಿಸುವುದು ತಪ್ಪು. ಇದು ಕಟ್ಟುವವರ ಹಾಗೂ ಕಟ್ಟಡವನ್ನು ಸ್ವಾಧೀನದಲ್ಲಿ ಇಟ್ಟುಕೊಂಡವರ ಕಾನೂನಾತ್ಮಕ ಹೊಣೆಯಾಗಿದ್ದು, ಯಾರಾದರೂ ಬೀಳುವ ಮೊದಲೇ ಆ ಹೊಣೆ ಅವರ ಮೇಲಿರುತ್ತದೆ. ಈ ತಿಳಿವಳಿಕೆ ಬಹಳ ಹಳೆಯದು: ಯಹೂದಿಗಳ ಪ್ರಾಚೀನ ಕಾನೂನಿನಲ್ಲಿ, ಅಂದರೆ ಬೈಬಲಿನ ಧರ್ಮೋಪದೇಶಕಾಂಡದ 22ನೇ ಅಧ್ಯಾಯದಲ್ಲಿ, ಹೊಸ ಮನೆ ಕಟ್ಟುವವನು ಮಾಳಿಗೆಗೆ ಅಂಚುಗೋಡೆ ಕಟ್ಟಬೇಕೆಂದೂ, ಕಟ್ಟದಿದ್ದು ಯಾರಾದರೂ ಬಿದ್ದರೆ ಆ ರಕ್ತಾಪರಾಧ ಮನೆಗೇ ತಗಲುವುದೆಂದೂ ವಿಧಿಸಲಾಗಿದೆ.

ಭಾರತೀಯ ಮಾನಕ ಬ್ಯೂರೊ ಹೊರತಂದಿರುವ ರಾಷ್ಟ್ರೀಯ ಕಟ್ಟಡ ಸಂಹಿತೆಯು (2016) ತಾರಸಿ, ಬಾಲ್ಕನಿ ಮತ್ತು ವರಾಂಡಗಳ ಅಂಚಿನ ಗೋಡೆ ಅಥವಾ ಕಂಬಿತಡೆ 1 ಮೀಟರ್‌ಗಿಂತ ಕಡಿಮೆ ಇರಕೂಡದೆಂದು ಹೇಳುತ್ತದೆ. ಸಂಹಿತೆಯು ತನ್ನಷ್ಟಕ್ಕೆ ಶಿಫಾರಸು ಮಾತ್ರ. ನಗರಪಾಲಿಕೆ, ಪುರಸಭೆಗಳಿಗೆ ಅನ್ವಯಿಸುವ ಕಟ್ಟಡ ಉಪವಿಧಿಗಳ ಮೂಲಕ, ಅಂದರೆ ಸ್ಥಳೀಯವಾಗಿ ಜಾರಿಯಲ್ಲಿರುವ ನಿಯಮಗಳ ಮೂಲಕ, ಇಂಥ ಅಳತೆಗಳು ಕಡ್ಡಾಯವಾಗುತ್ತವೆ. ಈ ಎತ್ತರವನ್ನು ಅಂತಿಮವಾಗಿ ಸಿದ್ಧಗೊಂಡ ನೆಲದಿಂದ ಅಳೆಯಬೇಕೆಂಬುದನ್ನು ಮನೆ ಕಟ್ಟಿಸುವವರು ಮರೆಯುವುದೇ ಹೆಚ್ಚು. ಮೋಲ್ಡ್ ಹಾಕಿದ ದಿನ ಸರಿಯಾಗಿದ್ದ ಗೋಡೆ, ನೀರು ಸೋರದಂತೆ ಮೇಲೆ ಗಾರೆ ಬಳಿದು, ಇಳಿಜಾರು ಕೊಟ್ಟು, ಟೈಲ್ಸ್ ಕೂರಿಸಿದ ಮೇಲೆ ನಾಲ್ಕೈದು ಇಂಚು ಗಿಡ್ಡವಾಗಿರುತ್ತದೆ, ಮತ್ತು ಅದರ ಪಕ್ಕದಲ್ಲಿ ಇಟ್ಟಿಗೆಯ ಕಟ್ಟೆಯನ್ನೋ ಹೂಕುಂಡದ ಸಾಲನ್ನೋ ಇಟ್ಟರೆ ಅದನ್ನು ಹತ್ತಿ ನಿಂತ ಮಗುವಿಗೆ ಆ ಗೋಡೆ ಇದ್ದೂ ಇಲ್ಲದಂತೆಯೇ.

ನಾಲ್ಕೂ ಮೂಲೆಗಳಲ್ಲಿ ಮುಂದಿನ ಮಹಡಿಗೆಂದು ಕಬ್ಬಿಣದ ಸರಳುಗಳನ್ನು ಬಿಟ್ಟು, ಅಂಚನ್ನು ಬರಿದಾಗಿಯೇ ಉಳಿಸಿ, ಕೆಳಗಿನ ಅಂತಸ್ತುಗಳನ್ನು ಬಾಡಿಗೆಗೆ ಕೊಟ್ಟಿರುವ ಮನೆಗಳು ಎಲ್ಲ ಊರುಗಳಲ್ಲೂ ಕಾಣುತ್ತವೆ. ಮುಂದೆ ಮಹಡಿ ಏರಿಸುವ ಉದ್ದೇಶವು ಇಂದು ಅಲ್ಲಿ ವಾಸಿಸುವವರ ರಕ್ಷಣೆಯ ಹೊಣೆಯಿಂದ ಮಾಲೀಕರನ್ನು ಬಿಡುಗಡೆ ಮಾಡುವುದಿಲ್ಲ. ಇಂಥ ಕಡೆ ಮೊದಲು ಮಾಲೀಕರಿಗೆ ಲಿಖಿತವಾಗಿ ತಿಳಿಸಿ, ಅದರಿಂದ ಫಲವಾಗದಿದ್ದರೆ ಪಾಲಿಕೆಯ ಆಯುಕ್ತರಿಗೆ, ಪುರಸಭೆಯ ಮುಖ್ಯಾಧಿಕಾರಿಗೆ ಅಥವಾ ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಗೆ ದೂರು ಕೊಡಬಹುದು; ದೂರಿನೊಂದಿಗೆ ಫೋಟೊಗಳನ್ನೂ ಟೇಪಿನಿಂದ ಅಳೆದ ಎತ್ತರವನ್ನೂ ಸೇರಿಸಿ, ಕಚೇರಿಯ ಮೊಹರು ಬಿದ್ದ ಸ್ವೀಕೃತಿಯನ್ನು ತಪ್ಪದೆ ಪಡೆಯಬೇಕು, ಏಕೆಂದರೆ ಮುಂದಿನ ಹೆಜ್ಜೆಗಳಿಗೆಲ್ಲ ಆ ಒಂದು ಹಾಳೆಯೇ ಆಧಾರ. ಕ್ರಮ ಕಾಣದಿದ್ದರೆ 2005ರ ಮಾಹಿತಿ ಹಕ್ಕು ಅಧಿನಿಯಮದಡಿ 10 ರೂಪಾಯಿ ಶುಲ್ಕದೊಂದಿಗೆ, ಮಂಜೂರಾದ ನಕ್ಷೆಯಲ್ಲಿ ತೋರಿಸಿದ ಅಂಚುಗೋಡೆಯ ಎತ್ತರವೆಷ್ಟು, ದೂರಿನ ಮೇಲೆ ಏನು ಮಾಡಲಾಗಿದೆ ಎಂದು ಕೇಳಬಹುದು. ಉತ್ತರಕ್ಕೆ ಸಾಮಾನ್ಯವಾಗಿ 30 ದಿನಗಳ ಅವಧಿಯಿದ್ದು, ಕರ್ನಾಟಕದ ನಿಯಮಗಳ ಪ್ರಕಾರ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿ 150 ಪದಗಳೊಳಗೆ ಇರಬೇಕು.

ಗೋಡೆ ಇಲ್ಲದಿರುವುದು ಒಂದು ಅಪಾಯವಾದರೆ, ಇದ್ದ ಗೋಡೆಯೇ ಬೀದಿಗೆ ಬೀಳುವುದು ಇನ್ನೊಂದು. ಗೋಡೆ ಛಾವಣಿಯನ್ನು ಕೂಡುವ ಜಾಗದಲ್ಲಿ ಮಳೆನೀರು ಇಳಿದು, ಒಳಗಿನ ಕಂಬಿ ತುಕ್ಕು ಹಿಡಿದು ಉಬ್ಬಿ, ಉದ್ದನೆಯ ಬಿರುಕು ಕಾಣಿಸಿಕೊಂಡರೆ ಆ ಗೋಡೆ ಹೊರಕ್ಕೆ ವಾಲುವ ಸಂಭವವಿರುತ್ತದೆ. ಇಲ್ಲಿ ಸ್ಥಳೀಯ ಸಂಸ್ಥೆಗೆ ಅಪಾಯಕಾರಿ ಕಟ್ಟಡದ ಬಗ್ಗೆ ನೋಟಿಸ್ ನೀಡುವ ಅಧಿಕಾರವಿರುವುದಲ್ಲದೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಪ್ರಕರಣವು ಜಿಲ್ಲಾ ದಂಡಾಧಿಕಾರಿಗೂ ಉಪವಿಭಾಗೀಯ ದಂಡಾಧಿಕಾರಿಗೂ, ನೆರೆಹೊರೆಯವರಿಗೆ ಅಥವಾ ದಾರಿಹೋಕರಿಗೆ ಗಾಯವಾಗುವಂತೆ ಬೀಳುವ ಸ್ಥಿತಿಯಲ್ಲಿರುವ ಕಟ್ಟಡವನ್ನು ದುರಸ್ತಿ ಮಾಡಲು, ಆಸರೆ ಕೊಡಲು ಅಥವಾ ತೆಗೆದುಹಾಕಲು ಆದೇಶಿಸುವ ಅಧಿಕಾರವನ್ನು ಕೊಟ್ಟಿದೆ. ಇದು ಷರತ್ತುಬದ್ಧ ಆದೇಶ, ಅಂದರೆ ಮಾಲೀಕರು ಗೊತ್ತುಪಡಿಸಿದ ಅವಧಿಯೊಳಗೆ ಅದನ್ನು ಪಾಲಿಸಬೇಕು ಇಲ್ಲವೆ ಹಾಜರಾಗಿ ಕಾರಣ ತೋರಿಸಬೇಕು. ಅಪಾಯ ತೀರ ಸನ್ನಿಹಿತವಾಗಿದ್ದರೆ ವಿಚಾರಣೆ ಮುಗಿಯುವ ಮೊದಲೇ 161ನೇ ಪ್ರಕರಣದಡಿ ತುರ್ತು ಆಜ್ಞೆ ಹೊರಡಿಸಬಹುದು. ಇದಕ್ಕೆ ಪೊಲೀಸರ ವರದಿಯೇ ಬೇಕೆಂದಿಲ್ಲ, ನಾಗರಿಕರು ಕೊಡುವ ಮಾಹಿತಿಯೂ ಸಾಕು. ಹಳೆಯ ಪೇಟೆಬೀದಿಗಳಲ್ಲಿ ಇಷ್ಟು ನೇರವಾದ ಪರಿಹಾರವನ್ನು ಜನ ಬಳಸದಿರುವುದು ನಿಜಕ್ಕೂ ವಿಷಾದದ ಸಂಗತಿ.

ಬಾಡಿಗೆದಾರರ ಸ್ಥಿತಿ ಕೊಂಚ ಸೂಕ್ಷ್ಮವಾದುದು. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 108ನೇ ಪ್ರಕರಣದಂತೆ, ಮಾಲೀಕರು ಮಾಡಲೇಬೇಕಾದ ದುರಸ್ತಿಯನ್ನು ನೋಟಿಸ್ ಕೊಟ್ಟ ಮೇಲೂ ಮಾಡದಿದ್ದರೆ ಬಾಡಿಗೆದಾರರೇ ಮಾಡಿಸಿ ವೆಚ್ಚವನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದಾದರೂ, ಇಲ್ಲದ ಗೋಡೆಯನ್ನು ಹೊಸದಾಗಿ ಕಟ್ಟುವುದು ದುರಸ್ತಿಯೆನಿಸುವುದು ಕಷ್ಟ; ಆದ್ದರಿಂದ ಕರಾರಿಗೆ ಸಹಿ ಹಾಕುವ ಮುನ್ನವೇ ಈ ಷರತ್ತನ್ನು ಬರೆಸಿಕೊಳ್ಳುವುದು ಲೇಸು. ಅಪಾರ್ಟ್‌ಮೆಂಟ್‌ಗಳಲ್ಲಿ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಅಧಿನಿಯಮದಡಿ ಛಾವಣಿಯು ಸಾಮಾನ್ಯವಾಗಿ ಎಲ್ಲರಿಗೂ ಸೇರಿದ ಸಾಮಾನ್ಯ ಪ್ರದೇಶವಾದುದರಿಂದ ನಿರ್ವಹಣೆ ಸಂಘದ್ದು. ಸ್ವಾಧೀನ ಕೊಟ್ಟ 5 ವರ್ಷಗಳೊಳಗೆ ರಚನಾ ದೋಷ ಕಂಡುಬಂದು ತಿಳಿಸಿದರೆ, ರಿಯಲ್ ಎಸ್ಟೇಟ್ ವ್ಯವಹಾರವನ್ನು ನಿಯಂತ್ರಿಸುವ ರೇರಾ ಕಾಯ್ದೆಯ 14ನೇ ಪ್ರಕರಣದಂತೆ ನಿರ್ಮಾಪಕರು 30 ದಿನಗಳಲ್ಲಿ ತಮ್ಮ ಖರ್ಚಿನಲ್ಲೇ ಸರಿಪಡಿಸಬೇಕು.

ಅನಾಹುತ ಸಂಭವಿಸಿದ ಮೇಲೆ ಭಾರತೀಯ ನ್ಯಾಯ ಸಂಹಿತೆ ಅನ್ವಯಿಸುತ್ತದೆ. ಕಟ್ಟುವಾಗ, ಕೆಡವುವಾಗ ಅಥವಾ ದುರಸ್ತಿಯ ವೇಳೆ ಕಟ್ಟಡದ ಭಾಗ ಬಿದ್ದು ಜೀವಕ್ಕೆ ಅಪಾಯವಾಗದಂತೆ ಎಚ್ಚರ ವಹಿಸದಿರುವುದು 290ನೇ ಪ್ರಕರಣದಡಿಯ ಅಪರಾಧ. ನಿರ್ಲಕ್ಷ್ಯದಿಂದ ಸಾವು ಉಂಟಾದರೆ 106ನೇ ಪ್ರಕರಣದಡಿ 5 ವರ್ಷಗಳವರೆಗೆ ಸೆರೆವಾಸವಿದೆ. ದೂರುದಾರರಿಗೂ ಸಂತ್ರಸ್ತರಿಗೂ ಎಫ್‌ಐಆರ್ ಪ್ರತಿ ಉಚಿತವಾಗಿ ದೊರೆಯಬೇಕು. ಪರಿಹಾರದ ದಾವೆ ಇದಕ್ಕಿಂತ ಬೇರೆ. ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದು ಜನ ಸತ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, 1966ರಲ್ಲಿ, ಹೆದ್ದಾರಿಗೆ ಹೊಂದಿಕೊಂಡ ಕಟ್ಟಡದ ಮಾಲೀಕರು ಕಣ್ಣಿಗೆ ಕಾಣದ ದೋಷಕ್ಕೂ ಹೊಣೆಗಾರರೆಂದು ಎತ್ತಿಹಿಡಿದಿದೆ; ಹೀಗಾಗಿ ಗೋಡೆ ಒಳಗೊಳಗೇ ಶಿಥಿಲವಾಗಿದ್ದುದು ಗೊತ್ತಿರಲಿಲ್ಲ ಎಂಬ ಸಮರ್ಥನೆ ನಿಲ್ಲುವುದು ಕಷ್ಟ. ಮೃತರ ಪತಿ ಅಥವಾ ಪತ್ನಿ, ತಂದೆತಾಯಿ ಮತ್ತು ಮಕ್ಕಳ ಪರವಾಗಿ 1855ರ ಮಾರಕ ಅಪಘಾತಗಳ ಅಧಿನಿಯಮದಡಿ ಹೂಡುವ ದಾವೆಗೆ ಸಾವಿನ ದಿನದಿಂದ 2 ವರ್ಷಗಳ ಕಾಲಮಿತಿಯಿದ್ದು, ಕ್ರಿಮಿನಲ್ ಪ್ರಕರಣ ಮುಗಿಯಲೆಂದು ಕಾಯುತ್ತ ಕುಳಿತರೆ ಆ ಅವಧಿ ಮೀರಿಹೋಗಬಹುದು. ವಕೀಲರನ್ನು ನೇಮಿಸಿಕೊಳ್ಳಲು ಶಕ್ತಿಯಿಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನಾಗಲಿ 15100 ಸಹಾಯವಾಣಿಯನ್ನಾಗಲಿ ಸಂಪರ್ಕಿಸಬಹುದು. ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡಗಳವರಿಗೆ ಆದಾಯ ಎಷ್ಟಿದ್ದರೂ ಈ ನೆರವು ಉಚಿತ.