ಮುಂದೆ ಬರುವ ಹಿಮನದಿ, ಹಿಂದೆ ಸರಿಯುವ ಹಿಮನದಿ

ಬೇಸಿಗೆ ರಜೆಯಲ್ಲಿ ಮಕ್ಕಳೊಂದಿಗೆ ಅಲಾಸ್ಕಾಕ್ಕೆ ಹಡಗು ಪ್ರವಾಸ ಹೋಗಿಬಂದ ಕುಟುಂಬಗಳು ನಮ್ಮಲ್ಲಿ ಹಲವು. ಹಬ್ಬರ್ಡ್ ಹಿಮನದಿಯ ಎದುರು ಹಡಗು ನಿಂತಾಗ, "ನೋಡಿ, ಇದೆಲ್ಲ ಕರಗಿಹೋಗುತ್ತಿದೆ" ಎಂದು ನಾವು ಮಕ್ಕಳಿಗೆ ಹೇಳುವುದುಂಟು. ಆದರೆ 1895ರಲ್ಲಿ ಅಳತೆ ಶುರುವಾದ ಮೇಲೆ ಶತಮಾನಕ್ಕೂ ಹೆಚ್ಚು ಕಾಲ ಹಬ್ಬರ್ಡ್ ಮುಂದಕ್ಕೇ ಬಂದಿದೆ! ಅಲ್ಲಿಂದ ಪಶ್ಚಿಮಕ್ಕಿರುವ ಕೊಲಂಬಿಯಾ ಹಿಮನದಿಯಾದರೋ 1980ರ ಸುಮಾರಿನಿಂದ 20 ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದಿದೆ. ಹಾಗಾದರೆ ಭೂಮಿ ಬಿಸಿಯಾಗುತ್ತಿರುವುದು ಸುಳ್ಳೇ? ಖಂಡಿತ ಅಲ್ಲ.

ಇವೆರಡೂ ಸಮುದ್ರದಲ್ಲಿ ಕಾಲೂರಿರುವ ಹಿಮನದಿಗಳು. ಬೆಟ್ಟದ ಮೇಲೆ ಬಿದ್ದ ಹಿಮ ಒತ್ತಿ ಗಟ್ಟಿಯಾಗಿ, ನಿಧಾನವಾಗಿ ಜಾರುತ್ತಾ ಕಡಲಿಗೆ ಇಳಿಯುತ್ತದೆ. ತುದಿಯಿಂದ ದೊಡ್ಡ ದೊಡ್ಡ ತುಂಡುಗಳು ಮುರಿದು ನೀರಿಗೆ ಬೀಳುತ್ತವೆ. ಇಂಗ್ಲಿಷಿನಲ್ಲಿ ಇದಕ್ಕೆ 'ಕಾವಿಂಗ್' ಎನ್ನುತ್ತಾರೆ, ಅಂದರೆ ಕರು ಹಾಕುವುದು. ಹೆಸರಿಟ್ಟವನು ಹಳ್ಳಿಯವನೇ ಇರಬೇಕು! ಹಿಮನದಿ ತಾನು ಕೆರೆದು ತಂದ ಕಲ್ಲುಮಣ್ಣನ್ನು ತನ್ನ ಪಾದದ ಮುಂದೆ ದಿಬ್ಬವಾಗಿ ಪೇರಿಸುತ್ತದೆ. ಆ ದಿಬ್ಬದ ಮೇಲೆ ನೀರಿನ ಆಳ ಕಡಿಮೆ. ಆದ್ದರಿಂದ ಮಂಜುಗಡ್ಡೆ ಮುರಿಯುವುದೂ ಕಡಿಮೆ. ದಿಬ್ಬವನ್ನು ಹಿಂದಿನಿಂದ ಅಗೆದು ಮುಂದಕ್ಕೆ ಹಾಕುತ್ತಾ ಹಿಮನದಿ ನೂರಾರು ವರ್ಷ ಹೀಗೇ ತೆವಳಬಲ್ಲದು.

ಕಾಲು ಜಾರಿತೋ, ಕಥೆ ಬೇರೆ. ಹಿಮ ತೆಳುವಾಗಿ ದಿಬ್ಬದಿಂದ ಹಿಂದಕ್ಕೆ ಸರಿದರೆ ಅಲ್ಲಿ ಕಾದಿರುವುದು ಆಳವಾದ ನೀರು. ಒಮ್ಮೆ ಅಲ್ಲಿಗೆ ಬಂದ ಮೇಲೆ ಹವಾಮಾನ ಹೇಗೇ ಇರಲಿ, ಮತ್ತೆ ಆಳ ಕಡಿಮೆಯಾಗುವವರೆಗೆ ಮುರಿಯುತ್ತಲೇ ಹೋಗುತ್ತದೆ. ಕೊಲಂಬಿಯಾಕ್ಕೆ ಆದದ್ದು ಇದೇ. 1794ರಲ್ಲಿ ವ್ಯಾಂಕೂವರನ ತಂಡ ಕಂಡಾಗಿನಿಂದ ಸುಮಾರು 1980ರವರೆಗೆ ಹೆಚ್ಚುಕಡಿಮೆ ಒಂದೇ ಜಾಗದಲ್ಲಿತ್ತು. ಆಮೇಲೆ ಕೆಲವೇ ದಶಕಗಳಲ್ಲಿ ಕುಸಿಯಿತು. 1989ರ ಮಾರ್ಚ್‌ನಲ್ಲಿ ಎಕ್ಸಾನ್ ವಾಲ್ಡೀಸ್ ತೈಲ ಹಡಗು ತನ್ನ ದಾರಿ ಬಿಟ್ಟು ಹೋದದ್ದು ಈ ಹಿಮನದಿಯ ತುಂಡುಗಳನ್ನು ತಪ್ಪಿಸಲೆಂದೇ. ಅದು ಬಂಡೆಗೆ ಬಡಿದು ಕೋಟಿಗಟ್ಟಲೆ ಲೀಟರ್ ಎಣ್ಣೆ ಸಮುದ್ರದ ಪಾಲಾಯಿತು.

ಹಬ್ಬರ್ಡ್ ಇನ್ನೂ ದಿಬ್ಬದ ಆಸರೆಯಲ್ಲಿದೆ. ಜೊತೆಗೆ ಅದರ ಸುಮಾರು ಶೇಕಡಾ 95 ಭಾಗ ಹಿಮ ಶೇಖರವಾಗುವ ಎತ್ತರದಲ್ಲೇ ಇದೆ. ಹುಟ್ಟುವುದು ಕೆನಡಾದ ಯೂಕಾನ್ ಬೆಟ್ಟಗಳಲ್ಲಿ. ಆದಾಯ ಜಾಸ್ತಿ, ಖರ್ಚು ಕಡಿಮೆ ಎನ್ನಿ.

ಆದರೆ ಮುಂದೆ ಬರುವುದೂ ನಿರಪಾಯವಲ್ಲ. 1986ರಲ್ಲಿ ಹಬ್ಬರ್ಡ್ ಪಕ್ಕದ ರಸೆಲ್ ಫ್ಯೋರ್ಡ್ ಎಂಬ ಕಡಲ ಚಾಚಿನ ಬಾಯಿಯನ್ನೇ ಮುಚ್ಚಿಬಿಟ್ಟಿತು. ಒಳಗೆ ನೀರು ಸುಮಾರು 25 ಮೀಟರ್ ಏರಿತು, ಸೀಲ್‌ಗಳು ಸಿಕ್ಕಿಬಿದ್ದವು. ಅಕ್ಟೋಬರ್ 8ರಂದು ಒಡ್ಡು ಒಡೆಯಿತು. 2002ರಲ್ಲಿ ಮತ್ತೆ ಮುಚ್ಚಿ, ಆಗಸ್ಟ್‌ನಲ್ಲಿ ಒಡೆಯಿತು. ಒಡ್ಡು ಒಡೆಯದೆ ನಿಂತುಬಿಟ್ಟರೆ ನೀರು ಇನ್ನೊಂದು ಕಡೆಯಿಂದ ಉಕ್ಕಿ ಸಿಟಕ್ ನದಿಗೆ ನುಗ್ಗುತ್ತದೆ. ಯಾಕುಟಾಟ್ ಊರಿನವರು ಸಾಲ್ಮನ್ ಮೀನು ಹಿಡಿಯುವುದು ಆ ನದಿಯಲ್ಲೇ.