ನಮ್ಮ ಅಂಗಳಕ್ಕೆ ಯಾವ ಮರ?

ಕಳೆದ ಜುಲೈ ತಿಂಗಳ ಒಂದು ರಾತ್ರಿ, ಗಾಳಿ ಮಳೆಗಳ ನಡುವೆ, ನಮ್ಮ ಶಾಲೆಯ ಅಂಗಳದಲ್ಲಿದ್ದ ಗುಲ್‌ಮೊಹರ್ ಮರವು ಬುಡಸಹಿತ ಉರುಳಿಬಿದ್ದುದು ನಿಮಗೆಲ್ಲರಿಗೂ ತಿಳಿದೇ ಇದೆ. ರಾತ್ರಿಯ ಹೊತ್ತಾದುದರಿಂದ ಯಾರಿಗೂ ಪೆಟ್ಟಾಗಲಿಲ್ಲ. ಮರುದಿನ ಬೆಳಗ್ಗೆ ನೀವು ಗುಂಪುಗೂಡಿ ಮುರಿದ ಕೊಂಬೆಗಳನ್ನು ನೋಡುತ್ತಿದ್ದಾಗ ನಾನು ಅದರ ಬೇರನ್ನು ನೋಡುತ್ತ ನಿಂತಿದ್ದೆನು. ಅಷ್ಟು ದೊಡ್ಡ ಮರದ ಬೇರು ಚಾಪೆ ಹಾಸಿದಂತೆ ಮೇಲೆಮೇಲೆ ಹರಡಿತ್ತೇ ಹೊರತು ಆಳಕ್ಕೆ ಇಳಿದಿರಲಿಲ್ಲ. ಒಂದು ಬದಿಯಲ್ಲಿ ದಪ್ಪ ಬೇರುಗಳನ್ನು ಕಡಿದುಹಾಕಿದ ಹಳೆಯ ಗುರುತುಗಳಿದ್ದವು. ಮಳೆಗಾಲದಲ್ಲಿ ಅಂಗಳ ಕೆಸರಾಗಬಾರದೆಂದು ಕೆಲವು ವರ್ಷಗಳ ಹಿಂದೆ ಬುಡದವರೆಗೂ ಕಾಂಕ್ರೀಟು ಸುರಿದು ಪೇವರ್ ಬ್ಲಾಕ್ ಕೂರಿಸಿದಾಗ ಆದ ಗಾಯಗಳವು. ಆ ಕೆಲಸವಾಗಲೆಂದು ಶಿಕ್ಷಕರು ಕೊಟ್ಟ ಅರ್ಜಿಯಲ್ಲಿ ನನ್ನ ಸಹಿಯೂ ಇತ್ತು. ಈ ಪಾಠವನ್ನು ಬರೆಯಲು ಅದೂ ಒಂದು ಕಾರಣ.

ಬರುವ ಜೂನ್‌ನಲ್ಲಿ ಎರಡು ಗುಂಡಿ ತೋಡಿ ಎರಡು ಮರಗಳನ್ನು ನೆಡಲು ಶಾಲೆಯ ಆಡಳಿತ ಮಂಡಳಿಯವರು ಒಪ್ಪಿದ್ದಾರೆ. ಯಾವ ಮರ ಬೇಕೆಂದು ಏಳನೆಯ ತರಗತಿಯವರಿಗೆ ಚೀಟಿಯಲ್ಲಿ ಬರೆದುಕೊಡಲು ಹೇಳಿದೆನು. ಹೆಚ್ಚುಪಾಲು ಚೀಟಿಗಳಲ್ಲಿ ಗುಲ್‌ಮೊಹರ್ ಎಂದೇ ಇತ್ತು. ಇದರಲ್ಲಿ ಆಶ್ಚರ್ಯವಿಲ್ಲ, ಬಿದ್ದ ಮರದ ಮೇಲಿನ ಪ್ರೀತಿ ಅದು. ಆದರೆ ಚೀಟಿಗಳನ್ನು ಎಣಿಸುತ್ತಿದ್ದ ಹುಡುಗಿಯೊಬ್ಬಳು ತಲೆಯೆತ್ತಿ, “ಸರ್, ಅದು ಹೂ ಬಿಡುವಾಗ ನಾವೆಲ್ಲ ಊರಲ್ಲಿರ್ತೇವಲ್ಲ?” ಎಂದಳು.

ಆ ಮಾತನ್ನು ನಾನು ಅದುವರೆಗೆ ಯೋಚಿಸಿಯೇ ಇರಲಿಲ್ಲ. ಗುಲ್‌ಮೊಹರ್ ನಮ್ಮ ನಾಡಿನ ಮರವಲ್ಲ, ಮಡಗಾಸ್ಕರ್ ದ್ವೀಪದ್ದು. ಮುಂಬಯಿಯಲ್ಲಿ ಅದು ಫೆಬ್ರುವರಿಯ ಹೊತ್ತಿಗೆ ಎಲೆಯುದುರಿಸಿ ಬೋಳಾಗುತ್ತದೆ. ಏಪ್ರಿಲ್ ಕೊನೆಯಲ್ಲಿ ಹೂವಿಗೆ ತೊಡಗಿ ಮೇ ತಿಂಗಳಲ್ಲಿ ಕೆಂಪಗೆ ಉರಿಯುತ್ತದೆ. ಅಷ್ಟರಲ್ಲಿ ನಮ್ಮ ಬಾಗಿಲಿಗೆ ಬೀಗ ಬಿದ್ದಿರುತ್ತದೆ. ನೀವು ಮಂಗಳೂರಿನ, ವಿಜಯಪುರದ, ಹುಬ್ಬಳ್ಳಿಯ ಗಾಡಿ ಹತ್ತಿರುತ್ತೀರಿ. ಜೂನ್ ನಡುವಿಗೆ ಮರಳಿ ಬಂದಾಗ ನಿಮ್ಮ ಪಾಲಿಗೆ ಉಳಿಯುವುದು ನೆಲಕ್ಕೆ ಅಂಟಿದ ಒದ್ದೆ ಎಸಳುಗಳು. ಇನ್ನು ಮಾರ್ಚ್‌ನ ಸುಡುಬಿಸಿಲಿನಲ್ಲಿ, ಪರೀಕ್ಷೆಗೆ ಮುಂಚೆ ನೀವು ಪುಸ್ತಕ ಹಿಡಿದು ಅಂಗಳದಲ್ಲಿ ಕೂರುವಾಗ, ಅದರಲ್ಲಿ ನೆರಳೂ ಇರುವುದಿಲ್ಲ. ಇಷ್ಟು ವರ್ಷ ನಾವು ರಜೆಯಲ್ಲಿ ಅಂದವಾಗಿರುವ ಮರವನ್ನು ಶಾಲೆಯಲ್ಲಿ ಸಾಕಿಕೊಂಡಿದ್ದೆವು.

ಮರಗಳನ್ನು ತಿಂಗಳ ಲೆಕ್ಕದಲ್ಲಿ ಆರಿಸುವುದು ಹೊಸ ವಿದ್ಯೆಯಲ್ಲ. ಬೆಂಗಳೂರಿಗೆ ಹೋದವರು ಲಾಲ್‌ಬಾಗನ್ನು ಕಂಡಿರಬಹುದು. ಅದರ ಪಕ್ಕದಲ್ಲಿ ಕ್ರುಂಬಿಗಲ್ ರಸ್ತೆಯೆಂಬುದೊಂದು ಇದೆ. ಜಿ. ಎಚ್. ಕ್ರುಂಬಿಗಲ್ ಎಂಬವರು ಜರ್ಮನಿಯ ಡ್ರೆಸ್ಡೆನ್ ನಗರದ ಸಮೀಪ 1865ರಲ್ಲಿ ಜನಿಸಿದವರು. ಇಂಗ್ಲೆಂಡಿನ ಕ್ಯೂ ತೋಟದಲ್ಲಿ ಕೆಲಸ ಮಾಡಿ, 1893ರಲ್ಲಿ ಬರೋಡೆಯ ಗಾಯಕವಾಡರಲ್ಲಿಗೆ ಬಂದು, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿ ಬೆಂಗಳೂರಿನಲ್ಲಿ ನೆಲೆನಿಂತರು. 1932ರಲ್ಲಿ ನಿವೃತ್ತರಾದ ಮೇಲೂ ತಾಯ್ನಾಡಿಗೆ ಮರಳದೆ 1956ರಲ್ಲಿ ಅಲ್ಲಿಯೇ ತೀರಿಕೊಂಡರು. ಒಂದು ಬೀದಿಯ ಹೂ ಮುಗಿಯುವಷ್ಟರಲ್ಲಿ ಮತ್ತೊಂದು ಬೀದಿಯ ಹೂ ಅರಳಬೇಕು, ವರ್ಷದ ಯಾವ ಕಾಲದಲ್ಲಿಯೂ ಊರು ಹೂವಿಲ್ಲದೆ ಇರಬಾರದು, ಎಂಬ ಕ್ರಮದಲ್ಲಿ ಅವರು ಬೀದಿಮರಗಳನ್ನು ಆರಿಸಿದರು. ಇಂದಿಗೂ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಆ ಕ್ರಮದ ಉಳಿಕೆ ಕಾಣುತ್ತದೆ.

ಅವರು ಯೋಚಿಸಿದ್ದು ಹನ್ನೆರಡು ತಿಂಗಳೂ ಜನರು ಓಡಾಡುವ ಬೀದಿಗಾಗಿ. ನಮ್ಮದು ಜೂನ್‌ನಿಂದ ಏಪ್ರಿಲ್‌ವರೆಗಿನ ಅಂಗಳ. ಆದುದರಿಂದ ನಮ್ಮ ಲೆಕ್ಕವೇ ಬೇರೆ.

ಈ ಲೆಕ್ಕದಲ್ಲಿ ಕೆಲವು ಸುಂದರವಾದ ಮರಗಳನ್ನು ಮನಸ್ಸಿಲ್ಲದಿದ್ದರೂ ಬಿಡಬೇಕಾಗುತ್ತದೆ. ಹೊನ್ನಿನ ಗೊಂಚಲುಗಳ ಕಕ್ಕೆ, ಇಲ್ಲಿನವರು ಬಹಾವಾ ಎನ್ನುವುದು, ಅರಳುವುದು ಏಪ್ರಿಲ್ ಮೇಗಳಲ್ಲಿ. ಮಹಾರಾಷ್ಟ್ರದ ರಾಜ್ಯಪುಷ್ಪವಾದ ತಾಮಣ್, ಕನ್ನಡದಲ್ಲಿ ಹೊಳೆದಾಸವಾಳ, ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ ನೇರಳೆ ಹೂ ತಳೆಯುತ್ತದೆ; ಅದರ ಬಾಲಭಾಗ ಮಾತ್ರ ನಮಗೆ ದಕ್ಕೀತು. ಕೆಂಪು ಬೂರುಗ, ಹಾಲುವಾಣ, ಮುತ್ತುಗ ಇವು ಮೂರೂ ಜನವರಿಯಿಂದ ಮಾರ್ಚ್‌ವರೆಗೆ, ಶಾಲೆ ನಡೆಯುವಾಗಲೇ ಅರಳುತ್ತವೆ, ನಿಜ. ಆದರೆ ಎಲೆ ಕಳಚಿ ಅರಳುವ ಮರಗಳವು, ಹೂವುಂಟು, ನೆರಳಿಲ್ಲ. ವಿಕ್ರೋಳಿಯ ಬಳಿ ಪೂರ್ವ ದ್ರುತಗತಿ ಹೆದ್ದಾರಿಯ ಇಕ್ಕೆಲಗಳಲ್ಲಿ ಫೆಬ್ರುವರಿ ಮಾರ್ಚ್‌ಗಳಲ್ಲಿ ಗುಲಾಬಿ ಬಣ್ಣ ತಳೆಯುವ ಟೆಬೆಬುಯಾ ಮರಗಳನ್ನು ಬಸ್ಸಿನಿಂದ ನೀವು ಕಂಡಿರುತ್ತೀರಿ. ಅವೂ ಹಾಗೆಯೇ. ಹೆದ್ದಾರಿಗೆ ಅವು ಚೆನ್ನ. ಮಳೆಗಾಲದಲ್ಲಿ ಚೆಂಡುಹೂ ತಳೆಯುವ ಕದಂಬ ನನಗೆ ಬಹಳ ಇಷ್ಟ, ಆದರೆ ಅದು ಬೇಗನೆ ಮುಗಿಲಿಗೇರುವ ಮೆದುಕಟ್ಟಿಗೆಯ ಮರ. ನಮ್ಮ ಚಿಕ್ಕ ಅಂಗಳಕ್ಕೆ ಅಂಜಿಕೆ. ಆಕಾಶಮಲ್ಲಿಗೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಬೆಳಗಿನ ಹೊತ್ತು ಬಿಳಿಯ ಕೊಳವೆಹೂಗಳನ್ನು ಸುರಿಸುತ್ತದೆ, ಕಂಪೂ ಉಂಟು; ಅದೂ ಗಾಳಿಗೆ ಮುರಿಯುವ ಜಾತಿಯೇ. ಒಂದು ಮರ ಬಿದ್ದ ಮೇಲೆ ನಾನು ತುಸು ಅಂಜುಬುರುಕನಾಗಿದ್ದೇನೆಂದು ನೀವು ನಕ್ಕರೂ ಚಿಂತೆಯಿಲ್ಲ.

ನೆರಳಿಗಾಗಿ ನಾನು ಸೂಚಿಸುವುದು ಹೊಂಗೆಯನ್ನು. ಮರಾಠಿಯಲ್ಲಿ ಕರಂಜ ಎನ್ನುತ್ತಾರೆ. ನಾನು ಹುಟ್ಟಿದ ಹಳ್ಳಿ ಹಾನಗಲ್ಲ ತಾಲ್ಲೂಕಿನದು. ಅಲ್ಲಿಯ ಕನ್ನಡ ಶಾಲೆಯಲ್ಲಿ ಕೋಣೆಗಳು ಕಡಿಮೆ, ಹೊಂಗೆಯ ಮರಗಳು ಎರಡು. ಬೇಸಗೆ ಬಂತೆಂದರೆ ಮೂರನೆಯ ಮತ್ತು ನಾಲ್ಕನೆಯ ತರಗತಿಗಳು ಅವುಗಳ ಅಡಿಯಲ್ಲೇ ನಡೆಯುತ್ತಿದ್ದವು. ಮರದಡಿಯಲ್ಲಿ ಕಲಿತ ಮಗ್ಗಿ ನನಗೆ ಇನ್ನೂ ಮರೆತಿಲ್ಲ; ಕೋಣೆಯಲ್ಲಿ ಕಲಿತದ್ದರ ಬಗ್ಗೆ ಹಾಗೆ ಹೇಳಲಾರೆ. ಹೊಂಗೆಯ ಗುಣವೇನೆಂದರೆ, ಅದು ಬೇಸಗೆಯ ಮುನ್ನ ಕೆಲವೇ ದಿನ ಎಲೆಯುದುರಿಸಿ, ಇತರ ಮರಗಳು ಇನ್ನೂ ಬೋಳಾಗಿರುವಾಗಲೇ ಹೊಳೆಯುವ ಎಳೆಹಸುರಿನ ಚಿಗುರನ್ನು ಹೊದ್ದು ನಿಲ್ಲುತ್ತದೆ. ಬಿಸಿಲು ಏರುವ ಹೊತ್ತಿಗೆ ನೆರಳು ದಟ್ಟವಾಗಿರುತ್ತದೆ. ಚಿಗುರಿನ ಹಿಂದೆಯೇ ಬಿಳಿನೇರಳೆಯ ಪುಟ್ಟ ಹೂಗಳು ಬಂದು, ಮಂಡಕ್ಕಿ ಚೆಲ್ಲಿದಂತೆ ನೆಲ ತುಂಬ ಉದುರುತ್ತವೆ. ದೂರದಿಂದ ನೋಡುವವರಿಗೆ ಇದು ದೊಡ್ಡ ಬೆಡಗಲ್ಲ. ಅಡಿಯಲ್ಲಿ ಕುಳಿತವರಿಗೆ ಮಾತ್ರ ಗೊತ್ತು. ಅದರ ತಾಯಿಬೇರು ಆಳಕ್ಕಿಳಿಯುತ್ತದೆ, ಸಮುದ್ರದ ಗಾಳಿಯನ್ನೂ ತಾಳಿಕೊಳ್ಳುತ್ತದೆ. ಎಲೆಗಳ ಮೇಲೆ ಹುಳುಗಳು ಮಾಡಿದ ಗಂಟುಗಳೂ ಬಿಳಿಗೆರೆಗಳೂ ಕಂಡಾವು; ಅವುಗಳಿಂದ ಮರಕ್ಕೆ ಹೆಚ್ಚಿನ ಕೇಡಿಲ್ಲ. ಬೀಜದ ಎಣ್ಣೆಯನ್ನು ಹಿಂದೆ ದೀಪಕ್ಕೆ ಉರಿಸುತ್ತಿದ್ದರು. ಆ ಬೀಜವನ್ನು ಬಾಯಿಗೆ ಮಾತ್ರ ಹಾಕಬೇಡಿರಿ.

ಹಾಗಾದರೆ ಎರಡೂ ಗುಂಡಿಗಳಿಗೆ ಹೊಂಗೆಯನ್ನೇ ಹಾಕಬಹುದಲ್ಲ ಎಂದು ಕೇಳುವಿರಿ. ಬೇಡ. ಮುಂಬಯಿಯ ಬೀದಿಗಳಲ್ಲಿ ಸಾಲುಸಾಲಾಗಿ ನಿಂತಿದ್ದ ಮಳೆಮರಗಳಿಗೆ 2010ರ ದಶಕದಲ್ಲಿ ಬಿಳಿ ಹಿಟ್ಟಿನಂಥ ತಿಗಣೆಯ ಬಾಧೆ ತಗಲಿ ಅನೇಕ ಮರಗಳು ಒಣಗಿಹೋದವು. ಎಲ್ಲವೂ ಒಂದೇ ಜಾತಿಯಾದಲ್ಲಿ ಬಾಧೆಯೂ ಎಲ್ಲಕ್ಕೂ ಒಟ್ಟಿಗೇ ತಗಲುತ್ತದೆ. ಇನ್ನೊಂದು ಕಾರಣ ನಮ್ಮ ಎರಡನೆಯ ಗುಂಡಿಯ ಜಾಗವೇ. ಅದನ್ನು ತಿಳಿಯಲು ಕೊಂಚ ಭೂಗೋಳ ಬೇಕು.

ಮುಂಬಯಿ ಇರುವುದು ಉತ್ತರ ಅಕ್ಷಾಂಶದ ಸುಮಾರು 19ನೆಯ ಡಿಗ್ರಿಯಲ್ಲಿ. ಇಲ್ಲಿ ಸೂರ್ಯನು ನೇರ ನೆತ್ತಿಯ ಮೇಲೆ ಬರುವುದು ವರ್ಷಕ್ಕೆ ಎರಡೇ ಸಲ, ಮೇ ನಡುವಿನಲ್ಲೊಮ್ಮೆ, ಜುಲೈ ಕೊನೆಯಲ್ಲೊಮ್ಮೆ. ಆ ಎರಡರ ನಡುವೆ ನಡುಹಗಲಿನ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ; ಉಳಿದ ತಿಂಗಳುಗಳೆಲ್ಲ ದಕ್ಷಿಣಕ್ಕೆ. ಡಿಸೆಂಬರ್ 22ರಂದು ಹನ್ನೆರಡೂವರೆ ದಾಟಿದಾಗ (ಮುಂಬಯಿಯಲ್ಲಿ ನಿಜವಾದ ನಡುಹಗಲು ಗಡಿಯಾರದ ಹನ್ನೆರಡಕ್ಕೆ ಆಗುವುದಿಲ್ಲವೆಂಬುದನ್ನು ನೆನಪಿಡಿರಿ) ಎಂಟನೆಯ ತರಗತಿಯವರು ನಮ್ಮ ಕಟ್ಟಡದ ನೆರಳಿನ ಅಂಚಿಗೆ ಸೀಮೆಸುಣ್ಣದ ಗೆರೆ ಎಳೆದರು. ಸುಮಾರು 40 ಅಡಿ ಎತ್ತರದ ಕಟ್ಟಡದ ನೆರಳು ಉತ್ತರಕ್ಕೆ 36 ಅಡಿಗೂ ತುಸು ಹೆಚ್ಚು ಚಾಚಿತ್ತು. ಜೂನ್ 21ರಂದು ಮೋಡವಿಲ್ಲದಿದ್ದರೆ ಅದೇ ನೆರಳು ದಕ್ಷಿಣಕ್ಕೆ ಮೂರು ಅಡಿಯಷ್ಟು ಮಾತ್ರ ಇದ್ದೀತು. ನಮ್ಮ ಎರಡನೆಯ ಗುಂಡಿ ಕಟ್ಟಡದ ಉತ್ತರಕ್ಕೆ 15 ಅಡಿ ದೂರದಲ್ಲಿದೆ. ಎಂದರೆ ದಸರೆಯ ಸುಮಾರಿನಿಂದ ಹೋಳಿಯವರೆಗೆ ನಡುಹಗಲಿನ ಬಿಸಿಲು ಅಲ್ಲಿಗೆ ತಲಪುವುದೇ ಇಲ್ಲ. ಬಿಸಿಲನ್ನು ಬಯಸುವ ಹೂಮರವನ್ನು ಅಲ್ಲಿ ನೆಟ್ಟರೆ ಅದು ಬೆಳಕಿನ ಆಸೆಗೆ ಓರೆಯಾಗಿ ಬಾಗೀತು. ಬಾಗಿದ ಮರ ಬೀಳುವುದಕ್ಕೆ ಬಹಳ ಕಾಲ ಬೇಡ.

ಅರೆನೆರಳನ್ನೇ ಒಪ್ಪಿಕೊಂಡು ಹೂ ಬಿಡುವ ಮರವೊಂದು ಉಂಟು, ಅದು ಅಶೋಕ. ಈ ಹೆಸರು ಕೇಳಿದೊಡನೆ ನಿಮ್ಮಲ್ಲಿ ಅನೇಕರು ಸೊಸೈಟಿಗಳ ಗೋಡೆಯುದ್ದಕ್ಕೂ ಹಸುರು ಕಂಬಗಳಂತೆ ನಿಂತಿರುವ ಮರವನ್ನು ನೆನೆಯುವಿರಿ. ಅದು ಅಶೋಕವಲ್ಲ; ಹೆಸರನ್ನು ಎರವಲು ಪಡೆದ, ಸೀತಾಫಲದ ಕುಟುಂಬಕ್ಕೆ ಸೇರಿದ ಬೇರೆ ಮರ. ಹೂವಿದ್ದರೂ ಕಾಣದು, ನೆರಳಂತೂ ಒಬ್ಬನಿಗೂ ಸಾಲದು. ರಾಮಾಯಣದ ಅಶೋಕವನದ ಅಶೋಕ ಹುಣಸೆಯ ಕುಟುಂಬದ್ದು, ನಮ್ಮ ಪಶ್ಚಿಮ ಘಟ್ಟಗಳ ಕಾಡಿನಲ್ಲಿ ತೊರೆಗಳ ಬಳಿ ತಾನಾಗಿ ಬೆಳೆಯತಕ್ಕದ್ದು. ದೊಡ್ಡ ಮರಗಳ ಕೆಳಗೆ ಬೆಳೆದ ಅಭ್ಯಾಸವಿರುವುದರಿಂದ ನೆರಳು ಅದಕ್ಕೆ ಹೊಸತಲ್ಲ. ಮಧ್ಯಮ ಎತ್ತರ, ಸದಾ ಹಸುರು, ಎಳೆಯ ಎಲೆಗಳು ತಾಮ್ರದ ಬಣ್ಣದವಾಗಿ ಜೋತುಬಿದ್ದಿರುತ್ತವೆ. ಜನವರಿಯಿಂದ ಏಪ್ರಿಲ್‌ವರೆಗೆ ಗೊಂಚಲು ಗೊಂಚಲಾಗಿ ಹೂ ಬಿಡುತ್ತದೆ. ಮೊದಲು ಹಳದಿ ಬೆರೆತ ಕಿತ್ತಳೆ, ದಿನ ಕಳೆದಂತೆ ಕೆಂಪು. ಒಂದೇ ಗೊಂಚಲಿನಲ್ಲಿ ಎರಡೂ ಬಣ್ಣ. ವಿಜ್ಞಾನದ ತರಗತಿಯವರು ಒಂದು ಹೂವನ್ನು ಕಿತ್ತು ಪರೀಕ್ಷಿಸಿರಿ, ಅದರಲ್ಲಿ ಎಸಳೇ ಇರುವುದಿಲ್ಲ. ಎಸಳೆಂದು ನಾವು ತಿಳಿಯುವುದು ಬಣ್ಣ ತಳೆದ ಪುಷ್ಪಪತ್ರ. ಇದಕ್ಕೆ ಬೇಕಾದುದು ತೇವ. ಬುಡ ಒಣಗಿದರೆ ಸೊರಗುತ್ತದೆ. ನರ್ಸರಿಯಲ್ಲಿ ಕೇಳುವಾಗ “ಸೀತಾ ಅಶೋಕ” ಎಂದೇ ಹೇಳಬೇಕು, ಇಲ್ಲವಾದರೆ ಕಂಬವನ್ನೇ ಕೊಟ್ಟುಕಳುಹಿಸಿಯಾರು.

ಮಳೆಗಾಲಕ್ಕೂ ದಸರೆಗೂ ಇನ್ನೂ ಹೂ ಉಳಿಯಿತಲ್ಲ. ಅದಕ್ಕೆ ದೊಡ್ಡ ಗುಂಡಿ ಬೇಡ. ಗೇಟಿನ ಬಲಗಡೆ ಬೇಲಿಯ ಮೂಲೆಯಲ್ಲಿ ಪಾರಿಜಾತದ ಗಿಡವೊಂದು ಸಾಕು. ಆಗಸ್ಟಿನಿಂದ ನವೆಂಬರಿನವರೆಗೆ ರಾತ್ರಿ ಅರಳಿ ನಸುಕಿನಲ್ಲಿ ಉದುರುತ್ತದೆ. ಏಳು ಗಂಟೆಯ ಬೆಳಗಿನ ಪಾಳಿಗೆ ಬರುವವರು ಕಿತ್ತಳೆ ತೊಟ್ಟಿನ ಆ ಹೂಗಳನ್ನು ತುಳಿಯದಂತೆ ಕಾಲಿಡುವುದನ್ನು ಕಲಿಯುವರು. ಬೇಸಗೆಯಲ್ಲಿ ಅದು ಸೊರಗಿ ಕುರೂಪವಾಗಿ ಕಾಣುತ್ತದೆ, ಆಗ ನಾವು ಇರುವುದಿಲ್ಲವಷ್ಟೆ.

ಮರದ ಕೆಳಗಿನ ನೆಲಕ್ಕೆ ನೆರಳು ತಾಳುವ ಗಿಡಗಳು. ಬಣ್ಣದ ಎಲೆಯ ಕ್ರೋಟನ್ ಬೇಕೆಂದು ಹಲವರು ಕೇಳಿದ್ದೀರಿ. ಬೆಳಕು ಕಡಿಮೆಯಾದರೆ ಅದರ ಬಣ್ಣವೇ ಮಾಸುತ್ತದೆ. ಅದರ ಬದಲು ಅಬ್ಬಲಿಗೆಯನ್ನು ಹಾಕೋಣ. ಕೆಲವರ ಮನೆಯಲ್ಲಿ ಕನಕಾಂಬರವೆನ್ನುವುದೂ ಇಲ್ಲಿನವರು ಅಬೋಲಿ ಎನ್ನುವುದೂ ಅದನ್ನೇ. ಅರೆನೆರಳಿನಲ್ಲಿ ವರ್ಷದ ಬಹುಭಾಗ ಹೂ ಕೊಡುತ್ತದೆ. ಮಳೆಗಾಲಕ್ಕೆ ಅಂಚಿನಲ್ಲಿ ಗೌರಿಹೂವಿನ ಬೀಜ ಚೆಲ್ಲಿದರಾಯಿತು. ಕೊಂಕಣದ ಮನೆಗಳಲ್ಲಿ ಗೌರಿಯೆಂದು ಪೂಜಿಸುವ ತೇರಡಾ ಅದೇ. ಚಳಿಗಾಲಕ್ಕೆ ಗೋರಟೆ. ತೇವವಿರುವ ಗೋಡೆಯ ಮಗ್ಗುಲಿಗೆ ಜರಿಗಿಡ.

ಈಗ ಗುಂಡಿಯ ಮಾತು. ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಆಳ. ಮೇ ಕೊನೆಯಲ್ಲಿಯೇ ತೋಡಿ ಬಿಸಿಲಿಗೆ ಬಿಟ್ಟು, ಮೊದಲ ಮಳೆ ನೆಲವನ್ನು ನೆನೆಸಿದ ಮೇಲೆ ಗೊಬ್ಬರ ಬೆರೆಸಿದ ಮಣ್ಣು ತುಂಬಿ ಸಸಿಯನ್ನು ನೆಡಬೇಕು. ಬುಡದ ಸುತ್ತ ಒಂದು ಮೀಟರಿನಷ್ಟು ನೆಲ ಬರಿಯ ಮಣ್ಣಾಗಿಯೇ ಇರತಕ್ಕದ್ದು. ದೆಹಲಿಯ ಮರಗಳ ಬುಡದಿಂದ ಇಷ್ಟೇ ಅಂತರದ ಕಾಂಕ್ರೀಟನ್ನು ತೆಗೆಯಬೇಕೆಂದು ರಾಷ್ಟ್ರೀಯ ಹಸುರು ನ್ಯಾಯಾಧಿಕರಣವು 2013ರಲ್ಲಿ ಆಜ್ಞೆ ಮಾಡಿತು. ಬೇರು ಉಸಿರಾಡುವುದೂ ನೀರು ಕುಡಿಯುವುದೂ ಆ ಮಣ್ಣಿನ ಮೂಲಕವೇ. ಈ ಸಲ ಅಂಗಳ ಕೆಸರಾದರೆ ಕಾಲು ತೊಳೆದುಕೊಂಡು ಒಳಗೆ ಬರೋಣ. ಅರ್ಜಿ ಬರೆದರೆ ನನ್ನ ಸಹಿ ಸಿಗದು. ಆರಿಸುವಾಗಲೇ ಇಷ್ಟು ಯೋಚಿಸುವುದಕ್ಕೆ ಮತ್ತೊಂದು ಕಾರಣವೂ ಇದೆ. ಬೆಳೆದ ಮರ ಬೇಡವೆಂದು ಆಮೇಲೆ ಕಡಿಯುವಂತಿಲ್ಲ. 1975ರ ಮಹಾರಾಷ್ಟ್ರದ ಕಾನೂನಿನಂತೆ ನಗರದಲ್ಲಿ ಮರ ಕಡಿಯಲು ವೃಕ್ಷ ಪ್ರಾಧಿಕರಣದ ಅಪ್ಪಣೆ ಬೇಕು.

ಮಳೆ ನಿಂತ ಮೇಲೆ ಅಕ್ಟೋಬರಿನಿಂದ ಮರುವರ್ಷದ ಜೂನ್‌ವರೆಗೆ ಸಸಿಗಳಿಗೆ ನೀರು ಬೇಕು, ಮೊದಲ ಎರಡು ಮೂರು ವರ್ಷಗಳಾದರೂ. ಶಾಲೆ ನಡೆಯುವ ತಿಂಗಳುಗಳಲ್ಲಿ ಸರದಿಯ ಪ್ರಕಾರ ತರಗತಿಗಳು ನೋಡಿಕೊಳ್ಳುವುವು. ಕಷ್ಟವಿರುವುದು ಮೇ ತಿಂಗಳದ್ದೇ. ಕಾವಲುಗಾರರು ಗೇಟು ತೆರೆದುಕೊಡಲು ಒಪ್ಪಿದ್ದಾರೆ. ರಜೆಯಲ್ಲಿ ಊರಿಗೆ ಹೋಗದೆ ಇಲ್ಲಿಯೇ ಉಳಿಯುವ ವಿದ್ಯಾರ್ಥಿಗಳು ಶಿಕ್ಷಕರ ಕೋಣೆಯಲ್ಲಿಟ್ಟಿರುವ ವಹಿಯಲ್ಲಿ ತಮ್ಮ ಹೆಸರು ಬರೆಯಿರಿ. ಎರಡು ದಿನಕ್ಕೊಮ್ಮೆ, ಬಿಸಿಲೇರುವ ಮುನ್ನ, ಒಂದೊಂದು ಸಸಿಗೆ ಒಂದೊಂದು ಬಕೆಟ್ ನೀರು. ಈವರೆಗೆ ನಾಲ್ಕು ಹೆಸರುಗಳು ಬಂದಿವೆ.