ಪಂದ್ಯಾವಳಿಯ ವಾರ: ಮುಚ್ಚಿಟ್ಟ ಪೆಟ್ಟು ದೊಡ್ಡದಾದೀತು

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಅಂತರ ಕಾಲೇಜು ಪಂದ್ಯಾವಳಿ ಎಂದರೆ ಒಂದು ಹಬ್ಬವೇ ಸರಿ. ಧಾರವಾಡ, ಗದಗ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಹುಡುಗ ಹುಡುಗಿಯರು ಕಬಡ್ಡಿ, ಕೊಕ್ಕೊ, ವಾಲಿಬಾಲ್, ಹಾಕಿ ಆಡಲು ಒಂದೆಡೆ ಸೇರುತ್ತಾರೆ. ಕಾರವಾರ, ಶಿರಸಿಗಳಿಂದ ಬರುವ ತಂಡಗಳು ಬಸ್ಸಿನಲ್ಲಿ ಘಟ್ಟ ದಾಟಿ ಬಂದು, ಅರೆನಿದ್ದೆಯಲ್ಲೇ ಅಂಕಣಕ್ಕೆ ಇಳಿಯುವುದೂ ಉಂಟು. ಚೆನ್ನಾಗಿ ಆಡಿದವರಿಗೆ ವಿಶ್ವವಿದ್ಯಾಲಯದ ತಂಡದಲ್ಲಿ ಸ್ಥಾನ, 'ಬ್ಲೂ' ಎಂಬ ಗೌರವ ಸಿಗುತ್ತದೆ. ಮುಂದೆ ಕ್ರೀಡಾ ಕೋಟಾದಲ್ಲಿ ನೌಕರಿ ಸಿಕ್ಕೀತೆಂಬ ಆಸೆಯೂ ಇರುತ್ತದೆ.

ಈ ಆಸೆಯಿಂದಲೇ ಒಂದು ತೊಂದರೆ ಹುಟ್ಟುತ್ತದೆ. ಪೆಟ್ಟಾದರೆ ಮಕ್ಕಳು ಹೇಳುವುದಿಲ್ಲ. ಹೇಳಿದರೆ ನಾಳಿನ ಪಂದ್ಯದಲ್ಲಿ ಆಡಿಸುವುದಿಲ್ಲ ಎಂಬ ಹೆದರಿಕೆ. ಮನೆಯಲ್ಲಿ ತಾಯಿ ಕೇಳಿದರೆ "ಏನೂ ಆಗಿಲ್ಲ ಬಿಡವ್ವಾ, ಸ್ವಲ್ಪ ಉಳುಕೈತಿ ಅಷ್ಟ" ಎಂದು ಮಾತು ಮುಗಿಸುತ್ತಾರೆ. ಮೊದಲ ಪೆಟ್ಟು ಬಹುಮಟ್ಟಿಗೆ ಗುಣವಾಗುವಂಥದ್ದೇ. ಅದು ಮಾಯುವ ಮೊದಲೇ ಮತ್ತೆ ಆಡಿದಾಗ ಬೀಳುವ ಎರಡನೆಯ ಪೆಟ್ಟು ಮಾತ್ರ ಬಹುಕಾಲ ಕಾಡಬಹುದು. ಪಂದ್ಯಾವಳಿಯ ವಾರದಲ್ಲಿ ಓದುಗರು ನೆನಪಿಡಬೇಕಾದ ಮುಖ್ಯ ಸಂಗತಿ ಇದು.

ಮೂರನೆಯ ದಿನದ ದಣಿವು

ಪುರುಷರ ಕಬಡ್ಡಿ ಪಂದ್ಯದಲ್ಲಿ 20 ನಿಮಿಷಗಳ ಎರಡು ಅವಧಿಗಳು, ನಡುವೆ 5 ನಿಮಿಷ ವಿಶ್ರಾಂತಿ. ಕೇಳಲು ಇದು ಅಲ್ಪ ಹೊತ್ತು. ಆದರೆ ಒಂದೊಂದು ದಾಳಿಯ 30 ಸೆಕೆಂಡುಗಳಲ್ಲಿ ಓಟ, ತಿರುವು, ಜಿಗಿತ, ಎಳೆದಾಟ ಎಲ್ಲವೂ ಸೇರಿರುತ್ತವೆ. ಈ ಶ್ರಮಕ್ಕೆ ಬೇಕಾದ ಶಕ್ತಿ ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ಪಿಷ್ಟದ ರೂಪದಲ್ಲಿ ಸಂಗ್ರಹವಾಗಿರುತ್ತದೆ. ಅದು ಬಹಳಷ್ಟು ಖರ್ಚಾದರೆ ಮತ್ತೆ ತುಂಬಲು ಒಳ್ಳೆಯ ಊಟದ ಜೊತೆಗೆ ಸುಮಾರು ಒಂದು ದಿನ ಬೇಕು. ಸ್ನಾಯುಗಳ ನೋವು ಸಾಮಾನ್ಯವಾಗಿ ಶ್ರಮದ ಮರುದಿನದಿಂದ ಮೂರನೆಯ ದಿನದವರೆಗೆ ಹೆಚ್ಚಾಗಿರುತ್ತದೆ. ಹೀಗಾಗಿ ಉಪಾಂತ್ಯ, ಅಂತಿಮ ಪಂದ್ಯಗಳು ಬರುವ ಹೊತ್ತಿಗೆ ಆಟಗಾರರು ಅತ್ಯಂತ ದಣಿದಿರುತ್ತಾರೆ. ದಣಿದ ಕಾಲು ತಡವಾಗಿ ತಿರುಗುತ್ತದೆ, ಬೇಗ ಹೊರಳುತ್ತದೆ. ಪಂದ್ಯಗಳ ನಡುವಿನ ಊಟ, ನೀರು, ಎಂಟು ತಾಸಿನ ನಿದ್ದೆ ಇವೂ ಆಟದ ಭಾಗವೇ ಎಂದು ತಿಳಿಯಬೇಕು.

ಕಾಲು ಉಳುಕಿದಾಗ

ಪಾದ ಒಳಕ್ಕೆ ಹೊರಳಿದಾಗ ಕಣಕಾಲಿನ ಹೊರಬದಿಯ ಎಲುಬುಗಳನ್ನು ಬಿಗಿದಿಡುವ ಲಿಗಮೆಂಟ್ ಎಂಬ ಪಟ್ಟಿಗಳು ಹಿಗ್ಗುತ್ತವೆ ಅಥವಾ ಹರಿಯುತ್ತವೆ. ಕೂಡಲೇ ಆಟ ನಿಲ್ಲಿಸಬೇಕು. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ 15ರಿಂದ 20 ನಿಮಿಷ ಇಟ್ಟರೆ ನೋವು ಕಡಿಮೆಯಾಗುತ್ತದೆ. ಮಂಜನ್ನು ಚರ್ಮಕ್ಕೆ ನೇರವಾಗಿ ತಾಗಿಸಬಾರದು. ಕ್ರೇಪ್ ಬ್ಯಾಂಡೇಜ್ ಹದವಾಗಿ ಸುತ್ತಿ, ಕಾಲನ್ನು ದಿಂಬಿನ ಮೇಲೆ ಎತ್ತರಕ್ಕೆ ಇಡಬೇಕು. ಬೆರಳುಗಳು ನೀಲಿಯಾದರೆ ಅಥವಾ ಜೋಮು ಹಿಡಿದರೆ ಪಟ್ಟಿ ಸಡಿಲಿಸಬೇಕು.

ನಮ್ಮಲ್ಲಿ ಉಳುಕಿದ ಕಾಲಿಗೆ ಬಿಸಿ ಎಣ್ಣೆ ಹಚ್ಚಿ ತಿಕ್ಕಿಸುವ, 'ನರ ಸರಿ ಮಾಡಿಸುವ' ರೂಢಿ ಇದೆ. ಮೊದಲ ಎರಡು ಮೂರು ದಿನ ಇದನ್ನು ಮಾಡಬೇಡಿ. ಕಾವು ಮತ್ತು ತಿಕ್ಕುವಿಕೆಯಿಂದ ಒಳಗಿನ ರಕ್ತಸ್ರಾವ ಮತ್ತು ಬಾವು ಹೆಚ್ಚಾಗಬಹುದು.

ಎಕ್ಸ್-ರೇ ಬೇಕೆ ಎಂದು ತಿಳಿಯಲು ಸುಲಭವಾದ ಪರೀಕ್ಷೆಗಳಿವೆ. ಪೆಟ್ಟಾದ ಕೂಡಲೇ ಆಗಲಿ, ನಂತರವಾಗಲಿ ನಾಲ್ಕು ಹೆಜ್ಜೆ ನಡೆಯಲು ಆಗದಿದ್ದರೆ, ಅಥವಾ ಕಣಕಾಲಿನ ಎರಡು ಬದಿಯ ಉಬ್ಬಿದ ಎಲುಬುಗಳ ತುದಿ ಅಥವಾ ಹಿಂಬದಿಯನ್ನು ಒತ್ತಿದಾಗ ನೋವಾದರೆ ಎಲುಬು ಮುರಿದಿರುವ ಸಂಶಯವಿದೆ. ತಡಮಾಡದೆ ವೈದ್ಯರಲ್ಲಿಗೆ ಹೋಗಿ. ಮೊಣಕಾಲಿನಲ್ಲಿ 'ಟಪ್' ಎಂದು ಸದ್ದಾಗಿ ಕೆಲವೇ ತಾಸುಗಳಲ್ಲಿ ಊದಿಕೊಂಡರೆ ಅಲ್ಲಿಯ ಮುಖ್ಯ ಲಿಗಮೆಂಟ್ ಹರಿದಿರಬಹುದು. ಇದನ್ನೂ ಅಲಕ್ಷಿಸಬಾರದು.

ನಾಳೆ ಆಡಬಹುದೇ? ನೋವಿಲ್ಲದೆ ನಡೆಯಲು, ಅದೇ ಕಾಲಿನ ಮೇಲೆ ನಿಲ್ಲಲು, ಕುಂಟಾಬಿಲ್ಲೆಯಂತೆ ಜಿಗಿಯಲು, ಓಡುತ್ತ ಥಟ್ಟನೆ ತಿರುಗಲು ಆಗಬೇಕು. ಇವುಗಳಲ್ಲಿ ಒಂದು ಆಗದಿದ್ದರೂ ಆಡುವಂತಿಲ್ಲ. ಒಮ್ಮೆ ಉಳುಕಿದ ಕಣಕಾಲು ಮತ್ತೆ ಉಳುಕುವ ಸಂಭವ ಹೆಚ್ಚು. ಪೂರ್ತಿ ವಾಸಿಯಾಗದೆ ಆಡಿದವರಿಗೆ ಅದು ವರ್ಷಗಟ್ಟಲೆ ಕಾಡುವ ತೊಂದರೆಯಾದೀತು.

ತಲೆಗೆ ಪೆಟ್ಟಾದರೆ ಅಂದಿನ ಆಟ ಮುಗಿಯಿತು

ಕಾಲು ಹಿಡಿಯಲು ಬಾಗಿದವನ ತಲೆಗೆ ದಾಳಿಗಾರನ ಮೊಣಕಾಲು ಬಡಿಯುವುದು, ಹಿಡಿಯಲು ಬಂದ ಇಬ್ಬರ ತಲೆಗಳು ಒಂದಕ್ಕೊಂದು ತಾಗುವುದು ಕಬಡ್ಡಿಯಲ್ಲಿ ಹೊಸದೇನಲ್ಲ. ಹೀಗೆ ಮಿದುಳು ಅಲುಗಿ ಅದರ ಕೆಲಸ ಏರುಪೇರಾಗುವುದಕ್ಕೆ ಕನ್ಕಷನ್ ಎನ್ನುತ್ತಾರೆ. ಎಚ್ಚರ ತಪ್ಪಿದರೆ ಮಾತ್ರ ಅಪಾಯ ಎಂಬ ನಂಬಿಕೆ ತಪ್ಪು. ಹೆಚ್ಚಿನ ಕನ್ಕಷನ್‌ಗಳಲ್ಲಿ ಎಚ್ಚರ ತಪ್ಪುವುದೇ ಇಲ್ಲ. ತಲೆನೋವು, ತಲೆಸುತ್ತು, ವಾಕರಿಕೆ, ಕಣ್ಣು ಮಂಜಾಗುವುದು, ಅಂಕ ಎಷ್ಟಾಯಿತೆಂದು ನೆನಪಿಲ್ಲದಿರುವುದು, ಕೇಳಿದ್ದನ್ನೇ ಮತ್ತೆ ಕೇಳುವುದು ಇದರ ಲಕ್ಷಣಗಳು. ಇಂಥವರ ಸ್ಕ್ಯಾನ್ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. 'ಸ್ಕ್ಯಾನ್ ನಾರ್ಮಲ್' ಎಂದ ಮಾತ್ರಕ್ಕೆ ಆಡಲು ಪರವಾನಗಿ ಸಿಕ್ಕಿತೆಂದು ತಿಳಿಯಬೇಡಿ.

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2006ರಲ್ಲಿ ಜ್ಯಾಕರಿ ಲಿಸ್ಟೆಡ್ ಎಂಬ 13 ವರ್ಷದ ಬಾಲಕ ಶಾಲೆಯ ಫುಟ್‌ಬಾಲ್ ಪಂದ್ಯದಲ್ಲಿ ತಲೆಗೆ ಪೆಟ್ಟು ತಿಂದ. ಸ್ವಲ್ಪ ಹೊತ್ತು ಹೊರಗೆ ಕುಳಿತು ಮತ್ತೆ ಆಟಕ್ಕಿಳಿದ. ಪಂದ್ಯ ಮುಗಿಯುವಷ್ಟರಲ್ಲಿ ಮಿದುಳಿನಲ್ಲಿ ರಕ್ತಸ್ರಾವವಾಗಿ ಕುಸಿದುಬಿದ್ದ. ಜೀವ ಉಳಿಯಿತು, ಅಂಗವೈಕಲ್ಯ ಉಳಿದುಕೊಂಡಿತು. ತಲೆಗೆ ಪೆಟ್ಟಾದ ಸಂಶಯವಿರುವ ಮಕ್ಕಳನ್ನು ಕೂಡಲೇ ಆಟದಿಂದ ಹೊರಗಿಡಬೇಕು, ತಜ್ಞರ ಲಿಖಿತ ಒಪ್ಪಿಗೆಯಿಲ್ಲದೆ ಆಡಿಸಬಾರದು ಎಂದು ಆ ರಾಜ್ಯ 2009ರಲ್ಲಿ ಅವನ ಹೆಸರಿನಲ್ಲೇ ಕಾನೂನು ಮಾಡಿತು.

ನಮ್ಮ ಅಂಕಣಗಳಿಗೂ ಈ ನಿಯಮ ಸಲ್ಲುತ್ತದೆ. ತಲೆಗೆ ಪೆಟ್ಟಾಗಿ ಮೇಲಿನ ಒಂದು ಲಕ್ಷಣ ಕಂಡರೂ ಅಂದು ಮತ್ತೆ ಆಡಿಸಬಾರದು. ಮೊದಲ 24 ತಾಸು ಒಬ್ಬರನ್ನೇ ಬಿಡಬಾರದು, ಗಾಡಿ ಓಡಿಸಲು ಕೊಡಬಾರದು. ಒಂದೆರಡು ದಿನ ವಿಶ್ರಾಂತಿ, ಬಳಿಕ ನಡಿಗೆ, ಲಘು ಓಟ, ಮೈಗೆ ಮೈ ತಾಗದ ಅಭ್ಯಾಸ, ವೈದ್ಯರು ಒಪ್ಪಿದ ಮೇಲೆ ಪೂರ್ಣ ಅಭ್ಯಾಸ, ಕೊನೆಗೆ ಪಂದ್ಯ. ಒಂದೊಂದು ಹಂತಕ್ಕೆ ಕನಿಷ್ಠ ಒಂದು ದಿನ. ಲೆಕ್ಕ ಹಾಕಿದರೆ ಒಂದು ವಾರವಾದರೂ ಬೇಕು. ಅಂದರೆ ಆ ಪಂದ್ಯಾವಳಿ ಅವರ ಪಾಲಿಗೆ ಮುಗಿದಂತೆಯೇ. ಕಹಿಯಾದರೂ ಇದನ್ನು ಒಪ್ಪಿಕೊಳ್ಳಬೇಕು.

ಪದೇ ಪದೇ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಎಬ್ಬಿಸಿದರೂ ಏಳದಷ್ಟು ಮಂಪರು, ಫಿಟ್ಸ್, ಮಾತು ತೊದಲುವುದು, ಕೈಕಾಲಲ್ಲಿ ಶಕ್ತಿ ಇಲ್ಲದಿರುವುದು, ಕಿವಿ ಅಥವಾ ಮೂಗಿನಿಂದ ತಿಳಿನೀರು ಇಲ್ಲವೆ ರಕ್ತ ಸೋರುವುದು ಕಂಡರೆ 108ಕ್ಕೆ ಫೋನ್ ಮಾಡಿ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ಆಸ್ಪತ್ರೆಯಂತಹ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಕುತ್ತಿಗೆ ನೋವಿದ್ದರೆ ಅಂಬುಲೆನ್ಸ್ ಬರುವವರೆಗೆ ಅಲುಗಿಸಬೇಡಿ.

ನೀರು, ಊಟ ಮತ್ತು ಬಿಸಿಲು

ಬಾಯಾರಿಕೆಯಾಗುವವರೆಗೆ ಕಾಯದೆ ಆಗಾಗ ನೀರು ಕುಡಿಯಬೇಕು. ಮೂತ್ರ ತಿಳಿಹಳದಿಯಾಗಿದ್ದರೆ ನೀರು ಸಾಕಾಗಿದೆ, ಕಡುಹಳದಿಯಾಗಿದ್ದರೆ ಸಾಲದು ಎಂದರ್ಥ. ಬಹಳ ಬೆವರಿದಾಗ ಉಪ್ಪು ಹಾಕಿದ ಮಜ್ಜಿಗೆ ಒಳ್ಳೆಯದು. ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿಯೂ ಕೊಡಬಹುದು. ಚಹಾ ಚಮಚದ ಅಳತೆ ಇದು.

ಪಂದ್ಯಕ್ಕೆ ಎರಡು ಮೂರು ತಾಸು ಮೊದಲು ಇಡ್ಲಿ, ಉಪ್ಪಿಟ್ಟು, ಅವಲಕ್ಕಿ ಅಥವಾ ಅನ್ನ ಸಾರಿನಂತಹ ಹಗುರವಾದ ಊಟ ಸಾಕು. ಗಿರಮಿಟ್, ಮಿರ್ಚಿ ಭಜಿಯನ್ನು ಪಂದ್ಯ ಗೆದ್ದ ಮೇಲೆ ತಿನ್ನಲಿ. ಎಣ್ಣೆಯ ತಿಂಡಿ ಹೊಟ್ಟೆಯಲ್ಲಿ ಬಹಳ ಹೊತ್ತು ಉಳಿಯುತ್ತದೆ. ಆಟ ಮುಗಿದ ಮೇಲೆ ಬಾಳೆಹಣ್ಣು, ಶೇಂಗಾ ಉಂಡಿ, ಹಾಲು ಕೊಡಿ. ರಾತ್ರಿ ರೊಟ್ಟಿ, ಕಾಳುಪಲ್ಯ, ಅನ್ನ, ಮೊಸರು ಇರಲಿ.

ಬಿಸಿಲಲ್ಲಿ ಆಡುತ್ತಿದ್ದವರು ತೊದಲಿದರೆ, ಗೊಂದಲಕ್ಕೊಳಗಾದರೆ, ಕುಸಿದರೆ ಅದು ಉಷ್ಣಾಘಾತವಿರಬಹುದು. 108ಕ್ಕೆ ತಿಳಿಸಿ, ಅಂಬುಲೆನ್ಸ್ ಬರುವವರೆಗೆ ಕಾಯದೆ ಮೈ ತಂಪು ಮಾಡಲು ತೊಡಗಿ. ನೆರಳಿಗೆ ತಂದು ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ.

ಬೇಗ ದಣಿಯುವ, ಏದುಸಿರು ಬಿಡುವ ಹುಡುಗಿಯರನ್ನು 'ಅಭ್ಯಾಸ ಸಾಲದು' ಎಂದು ಬೈಯುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 57ರಷ್ಟು ಮಂದಿಗೆ ರಕ್ತಹೀನತೆ ಇದೆ.

ನೋವಿನ ಮಾತ್ರೆ ನುಂಗಿ ಆಡುವುದು

ನೋವು ದೇಹ ಕೊಡುವ ಎಚ್ಚರಿಕೆ. ಮಾತ್ರೆ ಆ ಎಚ್ಚರಿಕೆಯನ್ನು ಅಡಗಿಸುತ್ತದೆ, ಹರಿದ ಪಟ್ಟಿಯನ್ನು ಹೊಲಿಯುವುದಿಲ್ಲ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳನ್ನು ಮೈಯಲ್ಲಿ ನೀರು ಕಡಿಮೆಯಾದಾಗ ನುಂಗಿದರೆ ಮೂತ್ರಪಿಂಡಗಳಿಗೆ ಹಾನಿಯಾದೀತು. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಜಠರಕ್ಕೂ ತೊಂದರೆ. ಗೆಳೆಯ ಕೊಟ್ಟನೆಂದು, ಅಂಗಡಿಯಲ್ಲಿ ಸಿಕ್ಕಿತೆಂದು ಇವನ್ನು ತೆಗೆದುಕೊಳ್ಳಬಾರದು.

ಮನೆಯವರು ಕೇಳಬೇಕಾದ್ದು

ಪಂದ್ಯಾವಳಿಯ ವಾರದಲ್ಲಿ ಪ್ರತಿ ಸಂಜೆ ಐದು ಪ್ರಶ್ನೆ ಕೇಳಿರಿ. ತಲೆಗೆ ಏನಾದರೂ ತಾಗಿತೇ? ಒಂದು ಕಾಲಿನ ಮೇಲೆ ನಿಂತು ತೋರಿಸುವೆಯಾ? ಮೂತ್ರದ ಬಣ್ಣ ಹೇಗಿದೆ? ಏನಾದರೂ ಮಾತ್ರೆ ತಗೊಂಡೆಯಾ? ನಿನ್ನೆ ಎಷ್ಟು ತಾಸು ಮಲಗಿದೆ? ಮಗ ಅಥವಾ ಮಗಳು ಹಾಸ್ಟೆಲಿನಲ್ಲಿದ್ದರೆ ಫೋನಿನಲ್ಲಾದರೂ ಕೇಳಿ. ಗೆದ್ದಿರಾ ಎಂಬ ಪ್ರಶ್ನೆ ಇವುಗಳ ನಂತರ ಬರಲಿ. ಪೆಟ್ಟಿನ ವಿಷಯ ಹೇಳಿದಾಗ ಬೈಯಬೇಡಿ. ಬೈದರೆ ಮುಂದಿನ ಸಲ ಮುಚ್ಚಿಡುತ್ತಾರೆ. ಸಂಶಯವಿದ್ದರೆ ನೀವೇ ದೈಹಿಕ ಶಿಕ್ಷಣ ನಿರ್ದೇಶಕರಿಗೆ ತಿಳಿಸಿ. ಪಂದ್ಯಾವಳಿ ಮುಂದಿನ ವರ್ಷವೂ ಬರುತ್ತದೆ. ಅದನ್ನು ಆಡಲು ಕಾಲೂ ಬೇಕು, ತಲೆಯೂ ಬೇಕು.